ಕೋಟೆ ಬಸ್ಸು ಹತ್ತದ ಮೇಷ್ಟ್ರು

ಮೇಷ್ಟ್ರ ಬಲಗೈಯ ತೋರುಬೆರಳು, ನಡುಬೆರಳುಗಳ ತುದಿ ಹುಣಸೆಬೀಜದ ಹಾಗೆ ಗಟ್ಟಿಯಾಗಿ, ನುಣ್ಣಗೆ ಹೊಳೆಯುತ್ತಿದ್ದವು. ಬಾಣಲೆಯಿಂದ ಆಗಷ್ಟೇ ತೆಗೆದ ಬೋಂಡವನ್ನು ಕಾಗದವಿಲ್ಲದೆ ಎತ್ತಿಕೊಂಡು ತಿನ್ನುತ್ತಿದ್ದರು. ಹುಣಸೂರು ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯವನು, "ಏನ್ ಸಾರ್, ಬೆರಳಿಗೆ ಲಾಳ ಒಡಿಸಿದ್ದೀರಾ?" ಎಂದು ರೇಗಿಸುತ್ತಿದ್ದ. ಮೂವತ್ತು ವರ್ಷ ದಪ್ಪ ತಂತಿ ಮೀಟಿದ ಬೆರಳುಗಳು ಅವು.

ಮೇಷ್ಟ್ರು ಎಂದೆ, ಆದರೆ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೆಂಗಳೂರಿನ ದೊಡ್ಡ ಹೋಟೆಲೊಂದರ ಜಾಜ್ ಬ್ಯಾಂಡಿನಲ್ಲಿ ಬಾಸ್, ಅಂದರೆ ತಗ್ಗು ದನಿಯ ದೊಡ್ಡ ಪಿಟೀಲು, ನುಡಿಸುತ್ತಿದ್ದರು. ವಾರದಲ್ಲಿ ನಾಲ್ಕು ದಿನ ಅಲ್ಲಿ, ಮೂರು ದಿನ ಹುಣಸೂರಿನ ಮರದ ಡಿಪೋ ಹಿಂದಿನ ಬಾಡಿಗೆ ಮನೆಯಲ್ಲಿ. ಹೆಂಡತಿ ನಮ್ಮೂರಿನಲ್ಲಿ ನರ್ಸ್ ಆಗಿದ್ದವರು. ಅವರು ತೀರಿಕೊಂಡ ಮೇಲೂ ಮೇಷ್ಟ್ರು ಮನೆ ಬಿಡಲಿಲ್ಲ. ಆಳೆತ್ತರದ ಆ ವಾದ್ಯವನ್ನು ಬಾಗಿಲಿನಿಂದ ಓರೆ ಮಾಡಿ ಹೊರತರುವಾಗ ಡಿಪೋ ಹುಡುಗರು, "ಪಿಟೀಲಿಗೆ ಯೂರಿಯಾ ಆಕವ್ರೆ ಕಣ್ಲಾ" ಎಂದು ನಗುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು.

ನನ್ನದು ಮೈಕ್‌ಸೆಟ್ ಅಂಗಡಿ. ಹನಗೋಡಿನ ಗಣೇಶನಿಂದ ಕೆ.ಆರ್. ನಗರದ ಛತ್ರದವರೆಗೆ ನನ್ನ ಪೆಟ್ಟಿಗೆಗಳು ಕೂಗದ ಊರಿಲ್ಲ ಎಂಬ ಜಂಬ ನನಗಿತ್ತು. ಒಂದು ದಿನ ಮೇಷ್ಟ್ರು ಕೆಟ್ಟುಹೋದ ಆಂಪ್ಲಿಫೈಯರ್ ಹಿಡಿದು ಅಂಗಡಿಗೆ ಬಂದರು. ನಾನು ಹಾಕಿದ್ದ ಹಾಡನ್ನು ಸ್ವಲ್ಪ ಹೊತ್ತು ಕೇಳಿ, "ನಿಮ್ ಸೌಂಡಿಗೆ ತಲೆ ಐತೆ, ಕಾಲಿಲ್ಲ ಕಣ್ರೀ" ಎಂದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ ನಾನು. "ಹೊರಗೆ ಹೋಗಿ" ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರು ಮಿಕ್ಸರಿನ ಮುಂದೆ ಕೂತು ಮೇಲಿನ ಸ್ವರಗಳ ಗುಂಡಿಗಳನ್ನು ಇಳಿಸಿ, ಕೆಳಗಿನದನ್ನು ಉಗುರಿನಷ್ಟು ಏರಿಸಿದರು. ಅಲ್ಲಿಯವರೆಗೆ ಕಿರುಚುತ್ತಿದ್ದ ಹಾಡು ನೆಲಕ್ಕೆ ಪಾದ ಊರಿ ನಿಂತಿತು. ಅಂದಿನಿಂದ ಅವರು ನನಗೆ ಮೇಷ್ಟ್ರು.

ಜಾಜ್ ಅಂದರೇನು ಎಂದು ಒಮ್ಮೆ ಕೇಳಿದೆ. "ಒಂದು ಹಾಡು ಇಟ್ಕತೀವಿ. ಆಮೇಲೆ ಒಬ್ಬೊಬ್ರೂ ಅದನ್ನ ತಮ್ ಮನಸ್ಸಿಗೆ ಬಂದಂಗೆ ಎಳ್ಕಂಡು ಕಾಡಿಗೆ ಓಯ್ತಾರೆ. ನಾನು ಮಾತ್ರ ದಾರಿ ಬುಟ್ಟು ಕದಲಾಕಿಲ್ಲ. ನಡೀತಾನೇ ಇರ್ತೀನಿ. ಆ ಎಜ್ಜೆ ಸದ್ದು ಇಡ್ಕಂಡೇ ಅವ್ರು ವಾಪಸ್ ಬರ್ಬೇಕು" ಎಂದರು. ತಂತಿ ಹರಿದ ದಿನವೂ, ಜ್ವರ ಬಂದ ದಿನವೂ ತಾವು ಹಾಡಿನ ನಡುವೆ ನಿಲ್ಲಿಸಿದ್ದಿಲ್ಲ ಎನ್ನುವುದು ಅವರ ಒಂದೇ ಹೆಮ್ಮೆ. ಬ್ಯಾಂಡಿನ ಯಜಮಾನರು ಅವರನ್ನು ಎಲ್ಲ ಕಡೆಯೂ ಗೋವಾದವರು ಎಂದೇ ಪರಿಚಯಿಸುತ್ತಿದ್ದರು. ನಾನೂ ನಂಬಿದ್ದೆ. ಗೋವಾದ ಮನುಷ್ಯನ ಬಾಯಲ್ಲಿ ನಮ್ಮ ಸೀಮೆಯ ಮಾತು ಇಷ್ಟು ಸಲೀಸಾಗಿ ಹೇಗೆ ಬರುತ್ತದೆ ಎಂದು ಕೇಳಿದ್ದಕ್ಕೆ, ಹೆಂಡತಿ ಕಲಿಸಿದಳು ಎಂದಿದ್ದರು. ಅದನ್ನೂ ನಂಬಿದೆ. ನನ್ನ ಬುದ್ಧಿ ಅಷ್ಟೇ.

ಭಾನುವಾರಗಳಂದು ಮೇಷ್ಟ್ರು ಬಸ್ ನಿಲ್ದಾಣದಲ್ಲಿ ಎಚ್.ಡಿ. ಕೋಟೆ ಬಸ್ಸು ನಿಲ್ಲುವ ಜಾಗದ ಬೆಂಚಿನ ಮೇಲೆ ಕೂರುತ್ತಿದ್ದರು. ಬಸ್ಸು ಬರುತ್ತಿತ್ತು, ಜನ ಹತ್ತುತ್ತಿದ್ದರು, ಬಸ್ಸು ಹೋಗುತ್ತಿತ್ತು. ಇವರು ಎದ್ದು ಟೀ ಕುಡಿಯಲು ಬರುತ್ತಿದ್ದರು. ಕಾಡಂಚಿನ ಹಾಡಿ ಎಂಬ ಬುಡಕಟ್ಟು ಕೇರಿಗಳ ಜನ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವಾಗ ಅಲ್ಲೇ ಬಸ್ಸು ಬದಲಿಸುತ್ತಾರೆ. ಅವರಲ್ಲಿ ಒಬ್ಬ ಮುದುಕಿ ಒಂದು ದಿನ ಮೇಷ್ಟ್ರ ಮುಖವನ್ನೇ ದಿಟ್ಟಿಸಿ ನೋಡಿದಳು. ಮೇಷ್ಟ್ರು ಗೋಡೆಯ ಕಡೆ ತಿರುಗಿಕೊಂಡರು. ನಾನು, "ಏನ್ ಮೇಷ್ಟ್ರೇ, ಕೋಟೆ ಬಸ್ನ ಬೀಳ್ಕೊಡೋಕೆ ನಿಮ್ಗೇನು ಸಂಬಳ ಕೊಡ್ತಾರಾ?" ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. ಅಂಗಡಿಗೆ ಬಂದು, ಬಾಗಿಲು ಎಳೆಯಿರಿ ಎಂದು, ಎಲ್ಲ ಹೇಳಿದರು.

ಅವರು ಕೋಟೆ ಕಡೆಯ ಒಂದು ಹಾಡಿಯವರು. ಅಪ್ಪ ಆನೆ ಶಿಬಿರದಲ್ಲಿ ಮಾವುತನ ಕೈಕೆಳಗಿನ ಕಾವಾಡಿ. ಅವ್ವ ಕೂಲಿಗೆ ಹೋದರೆ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಶಾಲೆಯ ಹಾಸ್ಟೆಲಿನಿಂದ ಮೈಸೂರಿಗೆ ಹೋದಾಗ ಅಲ್ಲಿನ ಚರ್ಚಿನಲ್ಲಿ, ಹೊರಲು ಭಾರವೆಂದು ಯಾರೂ ಮುಟ್ಟದ ಬಾಸ್ ಒಂದಿತ್ತು. ಇವರು ಮುಟ್ಟಿದರು. ಬೆಂಗಳೂರಿಗೆ ಹೋದ ಮೊದಲ ವಾರವೇ ಬ್ಯಾಂಡಿನ ಯಜಮಾನರು, "ಹಾಡಿ ಅಂದ್ರೆ ಗೆಸ್ಟುಗಳು ನಗ್ತಾರೆ, ಗೋವಾ ಅಂದ್ರೆ ಕಿವಿ ಕೊಡ್ತಾರೆ" ಎಂದು ಹೊಸ ಹೆಸರಿಟ್ಟರು. ಹೊಸ ಹೆಸರಿಗೆ ಹೊಸ ಬೂಟು, ಹೊಸ ಕೋಟು ಬಂದವು. ಊರಿಗೆ ಹೋಗುವುದು ಕಡಿಮೆಯಾಗಿ, ನಿಂತುಹೋಯಿತು. ಅವ್ವ ಸತ್ತಾಗ ಭಾವ ಬೆಂಗಳೂರಿಗೆ ಹುಡುಕಿಕೊಂಡು ಬಂದು ಹೋಟೆಲಿನ ಗೇಟಿನಲ್ಲಿ ಹಳೆಯ ಹೆಸರು ಹೇಳಿ ಕೇಳಿದ್ದಾನೆ. ಆ ಹೆಸರಿನವರು ಇಲ್ಲಿಲ್ಲ ಎಂದು ಕಾವಲಿನವನು ಕಳಿಸಿಬಿಟ್ಟಿದ್ದಾನೆ. ಇವರಿಗೆ ಸುದ್ದಿ ಮುಟ್ಟಿದ್ದು ಎರಡು ತಿಂಗಳ ಮೇಲೆ.

"ಇನ್ ಯಾವ್ ಮಕ ಒತ್ಕಂಡು ಅಕ್ಕನ ಮುಂದೆ ನಿಂತ್ಕಳ್ಳಿ?" ಎಂದರು. "ಯಾರ್ ಕೇಳಿದ್ರೂ ಗೋವಾನೇ. ಭಾಷೆ ಕೊಡಿ." ಕೊಟ್ಟೆ. ಹಳೆಯ ಹೆಸರೇನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಾರನೆಯ ವರ್ಷ ಕೋಟೆ ತಾಲ್ಲೂಕಿನ ಹಿನ್ನೀರಿನ ದಂಡೆಯ ಒಂದು ರೆಸಾರ್ಟಿನಲ್ಲಿ ಕಾರ್ಯಕ್ರಮ ಬಂತು. ಸೌಂಡು ನನ್ನದು, ಬ್ಯಾಂಡು ಮೇಷ್ಟ್ರದು. ಹಿಂದಿನ ದಿನವೆಲ್ಲ ಮೇಷ್ಟ್ರು ಹೋಗುವುದೋ ಬಿಡುವುದೋ ಎಂದು ತೂಗಿ, ಹಾಡಿಗೂ ರೆಸಾರ್ಟಿಗೂ ಏನು ಸಂಬಂಧ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಹೊರಟಿದ್ದರು. ನಾಲ್ಕು ಗಂಟೆಗೆ ಪೆಟ್ಟಿಗೆ ಜೋಡಿಸುತ್ತಿದ್ದಾಗ ಮ್ಯಾನೇಜರ್ ಬಂದು, ಮೊದಲು ಹಾಡಿಯವರ ಕುಣಿತ, ಆಮೇಲೆ ಜಾಜ್ ಎಂದ. ಮೇಷ್ಟ್ರ ಕೈ ತಂತಿಯ ಮೇಲೆಯೇ ನಿಂತಿತು.

ಅವರು ನನ್ನ ಹತ್ತಿರ ಬಂದು, "ಯಾವ್ ಹಾಡಿ ಅಂತ ಕೇಳಿ" ಎಂದು ಪಿಸುಗುಟ್ಟಿದರು. ನಾನು ಕೇಳುವ ಮುಂಚೆಯೇ ಜೀಪು ಬಂತು. ಹತ್ತು ಹನ್ನೆರಡು ಜನ ಇಳಿದರು. ಫೋಟೋಗೆ ಚೆನ್ನಾಗಿರುತ್ತೆ ಎಂದು ಮ್ಯಾನೇಜರ್ ಹೆಂಗಸರ ಸೀರೆಯ ಮೇಲೆ ಸೊಪ್ಪು ಕಟ್ಟಿಸಿದ. ಕೊನೆಗೆ ಇಳಿದವಳು ಅರವತ್ತು ದಾಟಿದ, ಸಣ್ಣ ಮೈಯ ಹೆಂಗಸು. ಸೊಪ್ಪು ಕಟ್ಟಲು ಬಂದವನ ಕೈಯನ್ನು ತಳ್ಳಿಬಿಟ್ಟಳು. ತಿರುಗಿ ನೋಡಿದರೆ ಮೇಷ್ಟ್ರು ಆಂಪ್ಲಿಫೈಯರಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದರು. "ಅಕ್ಕ" ಎಂದರು ಅಷ್ಟೇ.

ಹಾಡುವವಳು ಅವಳೇ. ನಾನು ಮೈಕು ಸರಿಮಾಡಲು ಹೋದೆ. ವೇದಿಕೆ ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿತ್ತು. ಅಷ್ಟರಲ್ಲಿ ಯಜಮಾನರು ಕರೆದರೆಂದು ಮೇಷ್ಟ್ರು ಎದ್ದು ನಿಲ್ಲಲೇಬೇಕಾಯಿತು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಅಲ್ಲಿ ದೊಡ್ ಪೆಟ್ಗೆ ಇಡ್ಕಂಡು ನಿಂತವ್ರಲ್ಲ, ಅವ್ರು ಯಾವೂರೋರು ಕಣಣ್ಣ?"

ಭಾಷೆ ಕೊಟ್ಟಿದ್ದೆನಲ್ಲ. "ಗೋವಾದೋರು ಕಣಮ್ಮ" ಎಂದೆ.

"ಅಂಗಾ? ನನ್ ತಮ್ಮನಂಗವ್ರೆ. ಬುಡಿ" ಎಂದು ಮೈಕಿಗೆ ಬಾಯಿ ಹತ್ತಿರ ತಂದಳು.

ಹಾಡು ಶುರುವಾಯಿತು. ಹಾಡಿಯ ಮಾತನ್ನು ನಿಧಾನವಾಗಿ ಆಡಿದರೆ ನಮಗೆ ಮುಕ್ಕಾಲು ಅರ್ಥವಾಗುತ್ತದೆ. ಹಾಡಾದರೆ ಏನೂ ತಿಳಿಯುವುದಿಲ್ಲ. ಸುತ್ತ ಹೆಂಗಸರು ಬಾಗಿ ಬಾಗಿ ಕುಣಿಯುತ್ತಿದ್ದರು, ಅವಳು ಮಾತ್ರ ವೇದಿಕೆಯ ಕಡೆ ತಿರುಗಿ ನಿಂತು ಹಾಡುತ್ತಿದ್ದಳು. ಮ್ಯಾನೇಜರ್ ನನ್ನ ಕಿವಿಯ ಹತ್ತಿರ ಬಂದು, ಕತ್ತಲಾದರೆ ಕಾಡಿನ ಗೇಟು ಹಾಕುತ್ತಾರೆ, ಇವರನ್ನು ಅಷ್ಟರಲ್ಲಿ ಸಾಗಿಸಬೇಕು, ಬ್ಯಾಂಡು ಶುರುಮಾಡಿಸಿ ಎಂದ. ನಾನು ಇನ್ನೊಂದು ಸುತ್ತು ತಡೆದೆ. ಅವನು ಮತ್ತೆ ಗದರಿದ. ಅವಳ ಮೈಕಿನ ಗುಂಡಿಯನ್ನು ಕೆಳಕ್ಕೆ ಎಳೆದುಬಿಟ್ಟೆ. ಅವಳ ಬಾಯಿ ಇನ್ನೂ ಆಡುತ್ತಿತ್ತು, ದನಿ ಮಾತ್ರ ವೇದಿಕೆಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೂ ನಿಲ್ಲಿಸಿದಳು.

ಅವರನ್ನೆಲ್ಲ ಅಡುಗೆಮನೆಯ ಹಿಂದೆ ಊಟಕ್ಕೆ ಕೂರಿಸಿದರು. ಮೇಷ್ಟ್ರು ತಂತಿ ಬಿಗಿಯುತ್ತ, "ಅಕ್ಕ ಏನಾದ್ರೂ ಕೇಳಿದ್ಲಾ?" ಎಂದರು. ಹೇಳಿದೆ. "ನೀವೇನಂದ್ರಿ?" ಅದನ್ನೂ ಹೇಳಿದೆ. "ಸರಿ. ನಾನೇ ಯೋಳ್ಕೊಟ್ಟ ಮಾತಲ್ವಾ" ಎಂದರು. ಬೈದಿದ್ದರೆ ವಾಸಿಯಿತ್ತು.

ಯಜಮಾನರು ಎಂದಿನಂತೆ ಗೋವಾದ ಹೆಸರು ಹೇಳಿ ಪರಿಚಯಿಸಿದರು. ಜನ ಚಪ್ಪಾಳೆ ತಟ್ಟಿದರು. ಮೊದಲ ಹಾಡು ದೊಡ್ಡದು. ಪಿಯಾನೋ ತನ್ನ ಪಾಡಿಗೆ ಕಾಡು ಹೊಕ್ಕಿತು, ಕಹಳೆ ಹೊಕ್ಕಿತು, ಕೆಳಗೆ ಮೇಷ್ಟ್ರು ನಡೆಯುತ್ತಲೇ ಇದ್ದರು. ಅವರ ಕಣ್ಣು ಮಾತ್ರ ಅಡುಗೆಮನೆಯ ಕಡೆಗಿತ್ತು. ನನ್ನ ಕಣ್ಣು ಅವರ ಮೇಲಿತ್ತು. ಆಗ ಹಿಂದುಗಡೆ ಜೀಪು ಸ್ಟಾರ್ಟ್ ಆದ ಸದ್ದು ಬಂತು. ಮೇಷ್ಟ್ರ ಬೆರಳು ಇನ್ನೆರಡು ಸ್ವರ ಮೀಟಿತು, ಮೂರನೆಯದನ್ನು ಮೀಟಲಿಲ್ಲ.

ಹಾಡು ಕುಸಿಯಿತು. ಪಿಯಾನೋದವನು ಬೆಚ್ಚಿ ತಿರುಗಿ ನೋಡಿದ, ಯಜಮಾನರು ಹಲ್ಲು ಕಚ್ಚಿ ಏನೋ ಅಂದರು. ಮೇಷ್ಟ್ರು ಬಾಸನ್ನು ಕೂಸು ಮಲಗಿಸಿದ ಹಾಗೆ ನೆಲಕ್ಕಿಟ್ಟು, ವೇದಿಕೆಯಿಂದ ಹಾರಿ ಓಡಿದರು. ಅವರು ಹೋಗುವಷ್ಟರಲ್ಲಿ ಜೀಪು ರೆಸಾರ್ಟಿನ ಗೇಟು ದಾಟಿತ್ತು. ಬೂಟು ಕಾಲಿನಲ್ಲಿ ಕಾಡಿನ ರಸ್ತೆಗೇ ಇಳಿದರು. ಸಂಜೆ ಹೊತ್ತು ಆನೆ ಅಡ್ಡ ಬರುವ ರಸ್ತೆ ಅದು. ನಾನು ಮಿಕ್ಸರನ್ನು ಇದ್ದ ಹಾಗೇ ಬಿಟ್ಟು ನನ್ನ ಗೂಡ್ಸ್ ಗಾಡಿ ತೆಗೆದೆ. ಕಸುಬಿಗೆ ಇಳಿದ ಮೇಲೆ ಹಾಗೆ ಮಾಡಿದ್ದು ಅದೇ ಮೊದಲು.

ದಾರಿಯಲ್ಲಿ ಅವರನ್ನು ಹತ್ತಿಸಿಕೊಂಡೆ. ಇಬ್ಬರೂ ಚೆಕ್‌ಪೋಸ್ಟ್ ಮುಟ್ಟಿದಾಗ ಅಡ್ಡಗಂಬ ಇಳಿದಾಗಿತ್ತು. ಜೀಪು ಆಚೆ ಬದಿಯಲ್ಲಿತ್ತು, ಡ್ರೈವರ್ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ. ಗಾರ್ಡ್ ಕೈ ಅಡ್ಡ ಹಿಡಿದು, "ಟೈಮಾಯ್ತು, ಯಾರೂ ಓಗಂಗಿಲ್ಲ" ಎಂದ. ಮೇಷ್ಟ್ರು ಕಂಬದ ಕೆಳಗೆ ನುಸುಳಿ, ಕೋಟು ಹರಿದುಕೊಂಡು, "ಅಕ್ಕಾ!" ಎಂದು ಕೂಗಿದರು. ಅಂಥ ದನಿ ಅವರಿಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಅವಳು ಜೀಪಿನಿಂದ ಇಳಿಯಲಿಲ್ಲ. ಹಾಡಿಯ ಮಾತಿನಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಆಡಿದಳು. ನನಗೂ ಅರ್ಥವಾಯಿತು.

"ನಿನ್ ಎಸ್ರು ಆಕಿ ಹಾಡ್ದೆ. ಅವ್ವನ್ ಎಸ್ರು ಆಕಿ ಹಾಡ್ದೆ. ಯಾಕ್ಲಾ ತಲೆ ಎತ್ಲಿಲ್ಲ?"

ಅವಳು ಹೆಸರು ಹಿಡಿದು ಕರೆಯುವಾಗ ಗುಂಡಿ ಎಳೆದವನು ನಾನು. ಬಾಯಿ ಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಮೇಷ್ಟ್ರು, "ಕೇಳಿಸ್ಲಿಲ್ಲ ಅಕ್ಕ, ತಪ್ಪಾಯ್ತು" ಎಂದು ಅವಳ ಕಾಲು ಹಿಡಿದರು. ಅವಳು ಬಹಳ ಹೊತ್ತು ಅವರ ನರೆತ ತಲೆಯನ್ನು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು, "ಹತ್ಲಾ" ಎಂದಳು. ಜೀಪು ಅವರನ್ನು ಕೂರಿಸಿಕೊಂಡು ಹೋಯಿತು.

ನಾನೊಬ್ಬನೇ ವಾಪಸ್ ಬಂದೆ. ಯಜಮಾನರು, "ಎಲ್ಲಿ ಅವನು? ನಡುವೆ ಬಿಟ್ಟು ಎಲ್ಲಿಗೆ ಹೋದ?" ಎಂದು ಕೂಗಾಡುತ್ತಿದ್ದರು. "ಅವರೂರಿಗೆ ಹೋದ್ರು ಸಾರ್" ಎಂದು ಹೇಳಿ ಬಾಸನ್ನು ಗಾಡಿಗೆ ಹಾಕಿಕೊಂಡೆ.

ಬ್ಯಾಂಡು ಅವರನ್ನು ಬಿಟ್ಟಿತು. ಅವರಂತೆ ಬಾಸ್ ನುಡಿಸುವವರು ಸಿಗದೆ ಒಂದು ವರ್ಷಕ್ಕೆ ಯಜಮಾನರೇ ಫೋನ್ ಮಾಡಿದರು. ಮೇಷ್ಟ್ರು ಹೋದರು, ಆದರೆ ತಮ್ಮ ಹೆಸರು, ಹಾಡಿಯ ಹೆಸರು ಎರಡನ್ನೂ ತಾವೇ ಮೈಕಿನಲ್ಲಿ ಹೇಳಿಕೊಳ್ಳುವುದೆಂದು ಷರತ್ತು ಹಾಕಿ. ಯಾರೂ ನಗಲಿಲ್ಲವಂತೆ. "ಮೂವತ್ತು ವರ್ಷ ಸುಮ್ನೆ ಎದ್ರುಕೊಂಡೆ ಕಣ್ರೀ" ಎಂದರು. ಹುಣಸೂರಿನ ಮನೆ ಬಿಟ್ಟು ಹಾಡಿಯಲ್ಲಿ ಅಕ್ಕನ ಮನೆಯ ಪಕ್ಕ ಇದ್ದರು. ವಾರಕ್ಕೊಮ್ಮೆ ಕೋಟೆ ಬಸ್ಸಿನಲ್ಲಿ ಬಂದು ನನ್ನ ಅಂಗಡಿಯಲ್ಲಿ ಕೂತು ಟೀ ಕುಡಿದು, ನನ್ನ ಸೌಂಡನ್ನು ಬೈದು ಹೋಗುತ್ತಿದ್ದರು. ಪ್ರತಿ ಸಲವೂ ಗುಂಡಿಯ ವಿಷಯ ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ಪ್ರತಿ ಸಲವೂ ನುಂಗಿದೆ. ಹೀಗೇ ಆರು ವರ್ಷ ಹೋಯಿತು.

ಹೋದ ಮಾಗಿಯಲ್ಲಿ ಎದೆನೋವು ಬಂದು ಹಾಡಿಯಲ್ಲೇ ತೀರಿಕೊಂಡರು. ಸುತ್ತಲ ಹಾಡಿಗಳಿಗೆ ಸುದ್ದಿ ಸಾರಲು ನಾನೇ ಮೈಕು ಕಟ್ಟಿಕೊಂಡು ಹೋದೆ. ಹೆಣದ ಪಕ್ಕ ಅಕ್ಕ ಕೂತಿದ್ದಳು. ಇನ್ನು ತಡೆಯಲಾಗಲಿಲ್ಲ. "ಅಮ್ಮ, ಅವತ್ತು ನಿಮ್ ದನಿ ತಗ್ಸಿದ್ದು ನಾನು. ಅವ್ರದ್ದು ತಪ್ಪಿರಲಿಲ್ಲ" ಎಂದೆ.

"ಗೊತ್ತು ಕಣಪ್ಪ" ಎಂದಳು. "ಜೀಪು ಹತ್ತಿದ್ ತಕ್ಷಣ ಅವ್ನೇ ಯೋಳ್ದ. 'ಮೈಕ್ನೋನು ತಗ್ಸಿದ್ನ ಓರೆಗಣ್ಣಲ್ಲಿ ಕಂಡೆ ಅಕ್ಕ. ನಮಗೆ ಗೊತ್ತು ಅಂತ ಅವ್ನಿಗೆ ಮಾತ್ರ ಗೊತ್ತಾಗ್ಬಾರ್ದು, ಆಮೇಲೆ ಅವ್ನು ಯಾವತ್ತೂ ಮೈಕ್ ಮುಟ್ಟಾಕಿಲ್ಲ' ಅಂದ."

ನಾನು ಅಂಗಳದಲ್ಲೇ ಕುಸಿದು ಕೂತೆ. ದೊಡ್ಡ ಗಂಡಸು, ಎಲ್ಲರೆದುರಿಗೆ ಹೋ ಎಂದು ಅತ್ತೆ. ಅಕ್ಕ ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ಏಳಪ್ಪ. ಓಗಿ ಯೋಳು, ಜನ ಬರ್ಬೇಕು" ಎಂದಳು.

ಎದ್ದು ಗಾಡಿ ಹತ್ತಿದೆ. ಹಾಡಿಯ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು, ಆಮೇಲೆ ಅವರ ಹೆಸರು. ಕತ್ತಲಾಗುವವರೆಗೂ ಹೇಳುತ್ತ ಹೋದೆ.