ಒಂದು ಅಂಗೈಯಗಲ ಹೊಳಪು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹೊಳೆಯುವ ವಸ್ತುಗಳಿಗೆ ಉಳಿಗಾಲವಿರಲಿಲ್ಲ. ಅಪ್ಪ ಕಾರ್ಖಾನೆಯೊಂದರ ಬಣ್ಣದ ವಿಭಾಗದಲ್ಲಿದ್ದ. ವಾರವಿಡೀ ಅಲ್ಲಿ ತಗಡುಗಳ ಹೊಳಪು ತೆಗೆದು ಬಣ್ಣ ಕೂರಿಸಿ ದಣಿದವನು, ರಜೆಯ ದಿನ ಮನೆಯಲ್ಲಿ ಅದನ್ನೇ ಮಾಡಿ ವಿಶ್ರಾಂತಿ ಪಡೆಯುತ್ತಿದ್ದ. ಸೈಕಲ್ಲು, ಕಿಟಕಿಯ ಸರಳು, ಕಬ್ಬಿಣದ ಮಂಚ ಎಲ್ಲವೂ ಅವನ ಕೈಗೆ ಸಿಕ್ಕಿ ಮಬ್ಬಾಗಿ, ಮತ್ತೆ ಬಣ್ಣ ಕಂಡವು. ಮರಾಠಿ ಸೀಮೆಯ ನಿಗಡಿಯಲ್ಲಿದ್ದ ನಮ್ಮ ಎರಡು ಕೋಣೆಯ ಮನೆಯಲ್ಲಿ ಪಾರಾಗಿದ್ದು ಹಿತ್ತಾಳೆಯ ಕೊಡ ಒಂದೇ. ಅದಕ್ಕೆ ಅವ್ವನ ಕಾವಲಿತ್ತು.

ಮಕ್ಕಳೇ, ನೀವು ನನ್ನನ್ನು ಅಜ್ಜ ಎನ್ನುತ್ತೀರಿ. ನನ್ನ ವಯಸ್ಸು ಅದಕ್ಕಿನ್ನೂ ಒಪ್ಪಿಗೆ ಕೊಟ್ಟಿಲ್ಲ. ಆದರೆ ನಿಮ್ಮ ಅಜ್ಜಿ ನನಗೆ ಬಹಳ ದೊಡ್ಡ ಅಕ್ಕನಾಗಿ ಹುಟ್ಟಿ, ಬೇಗ ಮದುವೆಯಾಗಿ, ಬೇಗ ಅಜ್ಜಿಯಾಗಿ, ನನ್ನನ್ನೂ ಈ ಪದವಿಗೆ ಎಳೆದಳು. ನಾನು ಹೇಳುತ್ತಿರುವುದು ಆ ಮದುವೆ ಮುಗಿದ ಮರುವಾರದ ರವಿವಾರದ ಮಾತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಅಕ್ಕ ಲೋಣಾವಳಾದ ಗಂಡನ ಮನೆಗೆ ಹೋಗಿದ್ದಳು. ಹೊಸ ಸಂಸಾರ ಹೂಡಿಕೊಡಲು ಅವ್ವನೂ ಜೊತೆಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ಇಬ್ಬರೂ ಮಾತಿನ ವಿಷಯದಲ್ಲಿ ಬಹಳ ಮಿತವ್ಯಯಿಗಳು. ಇಷ್ಟು ವರ್ಷ ಆ ಮನೆಯಲ್ಲಿ ಯಾರು ಮಾತಾಡುತ್ತಿದ್ದರು ಎಂಬುದು ನನಗೆ ಆ ವಾರವೇ ತಿಳಿಯಿತು. ಅಪ್ಪ ಮಾಡಿದ ಕಡಲೆಹಿಟ್ಟಿನ ಪಿಠಲೆಯನ್ನು ನಾವು ಶಾಸ್ತ್ರೋಕ್ತ ಮೌನದಲ್ಲಿ ಉಣ್ಣುತ್ತಿದ್ದೆವು. ಶಾಲೆಯಿಂದ ಬಂದರೆ ಬಾಗಿಲಿಗೆ ಕೀಲಿ. ತೆಗೆದು ಒಳಗೆ ಹೋದರೆ, ಅಕ್ಕ ಚಪ್ಪಲಿ ಬಿಡುತ್ತಿದ್ದ ಮೂಲೆಯಲ್ಲಿ ನಾನು ನನ್ನ ಚಪ್ಪಲಿ ಬಿಡುತ್ತಿರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಕೇಳಲು ಯಾರೂ ಇರಲಿಲ್ಲ.

ನಮ್ಮ ಮನೆತನದಲ್ಲಿ ಮಗಳ ಸಂಸಾರಕ್ಕೆ ತವರಿನಿಂದ ಕಪಾಟು ಹೋಗಬೇಕು. ಅಪ್ಪನಿಗೆ ಅಂಗಡಿಯ ಹೊಸ ಕಪಾಟಿನ ಮೇಲೆ ನಂಬಿಕೆಯಿರಲಿಲ್ಲ.

"ಹೊಸಾದು ಬರೇ ತಗಡು. ಇದು ಕಬ್ಬಣ. ಲೋಣಾವಳಾ ಮಳಿಯೊಳಗ ನಿಲ್ಲೂದು ಇದು ಒಂದ," ಎಂದು ನಮ್ಮ ಹಳೆಯ ಹಸಿರು ಕಪಾಟನ್ನೇ ಆರಿಸಿದ್ದ. ಅದಕ್ಕೆ ಬೂದು ಬಣ್ಣ ಹಚ್ಚಿ ಕಳಿಸುವುದೆಂದು ತೀರ್ಮಾನವಾಯಿತು. ಬಣ್ಣ ಸಿಪ್ಪೆ ಎದ್ದರೆ ಬೀಗರ ಮುಂದೆ ಅವನ ಇಡೀ ವೃತ್ತಿಜೀವನದ ಮಾನ ಎದ್ದಂತೆ.

ಆ ರವಿವಾರ ಬೆಳಗ್ಗೆಯೇ ಕಪಾಟನ್ನು ನಡುಮನೆಗೆ ಎಳೆದೆವು. ಮೊದಲು ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು ಜಿಡ್ಡು ತೆಗೆಯುವುದು. ಆಮೇಲೆ ಒದ್ದೆ ಮಾಡಿದ ಪಾಲಿಶ್ ಪೇಪರಿನಿಂದ ಉಜ್ಜುವುದು. ಇದ್ದಬದ್ದ ಹೊಳಪನ್ನೆಲ್ಲ ಕೆಡಿಸುವ ಆ ಕಪ್ಪು ಒರಟು ಕಾಗದಕ್ಕೆ ಈ ಹೆಸರು ಯಾರಿಟ್ಟರೋ ಕಾಣೆ.

"ಹೊಳಪು ಇದ್ದಲ್ಲೆ ಬಣ್ಣ ನಿಲ್ಲಂಗಿಲ್ಲಪಾ. ಹಿಡ್ಕೋಳಿಕ್ಕೆ ಅದಕ್ಕೂ ಏನರೆ ಬೇಕಲ್ಲ?" ಎಂದು ಅಪ್ಪ ನನ್ನ ಕೈಗೂ ಒಂದು ತುಂಡು ಕೊಟ್ಟ. ಕರ್‌ಕರ್ ಸದ್ದಿನೊಂದಿಗೆ ಹಸಿರು ಕೆಸರು ಇಳಿದು ನನ್ನ ಮೊಣಕೈವರೆಗೆ ಬಂತು. ಸೋಡಾದ ವಾಸನೆ, ಹಸಿ ಕಬ್ಬಿಣದ ವಾಸನೆ, ಉರಿಯುವ ಬೆರಳ ತುದಿ.

ತೊಳೆದ ಜಾಗವನ್ನು ಅಪ್ಪ ಪರೀಕ್ಷೆ ಮಾಡುತ್ತಿದ್ದ. ಲೋಟದಿಂದ ನೀರು ಬಿಡುವುದು. ನೀರು ಹಾಳೆಯಂತೆ ಹರಡಿದರೆ ಪಾಸು. ಮಣಿಮಣಿಯಾಗಿ ಉರುಳಿದರೆ ಜಿಡ್ಡು ಇನ್ನೂ ಇದೆ ಎಂದರ್ಥ. ಎಲ್ಲ ಕಡೆ ನೀರು ಹರಡಿತು. ಹಿಡಿಕೆಯ ಪಕ್ಕದಲ್ಲಿ ಮಾತ್ರ ಎಷ್ಟು ತೊಳೆದರೂ ಮಣಿಗಳು ಉರುಳಿದವು. ಅಕ್ಕ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಿಂದಲೇ ಕಪಾಟು ತೆಗೆಯುತ್ತಿದ್ದಳು. "ಕೈ ಒರಿಸ್ಕೊ ಅಂತ ಎಷ್ಟ ಸಲ ಹೇಳೇನಿ ಆ ಹುಡಿಗಿಗೆ," ಎಂದು ಅಪ್ಪ ಕಪಾಟಿನ ಬಾಗಿಲಿಗೇ ಬೈದ. ಮತ್ತೆ ತೊಳೆದ. ಕೊನೆಗೆ ನೀರು ಅಲ್ಲಿಯೂ ಹರಡಿತು. ನನಗೇನೂ ಸಂತೋಷವಾಗಲಿಲ್ಲ.

ಇನ್ನುಳಿದದ್ದು ಕಪಾಟಿನ ಬಾಗಿಲಿನ ಒಳಮೈ. ಅಲ್ಲಿ ಅಕ್ಕನ ಟಿಕಲಿಗಳು, ಹಣೆಗೆ ಅಂಟಿಸುವ ಬೊಟ್ಟುಗಳು, ಇದ್ದವು. ಮುಖ ತೊಳೆಯುವ ಮೊದಲು ಹಣೆಯ ಟಿಕಲಿ ತೆಗೆದು ಅಲ್ಲಿ ಅಂಟಿಸುವುದು, ಮುಖ ಒರೆಸಿಕೊಂಡು ಹೊಸದನ್ನು ಹಚ್ಚಿಕೊಂಡು ಹಳೆಯದನ್ನು ಮರೆಯುವುದು ಅವಳ ಪದ್ಧತಿ. ಕೆಂಪು, ಕುಂಕುಮ ಬಣ್ಣ, ಪಂಚಮಿ ಹಬ್ಬಕ್ಕೆ ಹಚ್ಚಿಕೊಂಡ ಹರಳಿನದು. ಆ ಬಾಗಿಲು ತೆರೆದರೆ ಅಕ್ಕ ಆಗಷ್ಟೇ ಮುಖ ತೊಳೆಯಲು ಹೋಗಿದ್ದಾಳೆ ಎಂದು ನಂಬಬಹುದಿತ್ತು. ಆ ವಾರ ನಾನು ಬಹಳ ಸಲ ಬಾಗಿಲು ತೆರೆದಿದ್ದೆ.

"ಅವನ್ನೆಲ್ಲಾ ಕಿತ್ತು ತಗಿ. ಅಂಟು ಒಟ್ಟ ಉಳೀಬಾರದು. ಉಳಿದ್ರ ಬಣ್ಣ ನಿನ್ನ ಮೊಣಕಾಲಿನಗತೆ ಸಿಪ್ಪಿ ಏಳ್ತದ," ಎಂದು ಹೇಳಿ ಅಪ್ಪ ಬಕೆಟ್ಟು ಹಿಡಿದು ನೀರಿಗೆ ಹೋದ.

ಪಕ್ಕದ ಮನೆಯಾಕೆ, ನಾವು ಕಾಕು ಎನ್ನುತ್ತಿದ್ದವರು, ಬಾಗಿಲಲ್ಲಿ ಇಣುಕಿದರು. "ಕಾಯ್ ರೇ, ಆಈ ಆಲೀ ಕಾ?" ಅವ್ವ ಬಂದಳೇ ಎಂದು ಮರಾಠಿಯಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಒಂದು ತಟ್ಟೆ ಅವಲಕ್ಕಿ ಇಟ್ಟು ಹೋದರು. ಆ ವಾರ ಎಲ್ಲರೂ ಅವ್ವನ ಬಗ್ಗೆಯೇ ಕೇಳುತ್ತಿದ್ದರು. ಅಕ್ಕನ ಬಗ್ಗೆ ಯಾರೂ ಹಾಗೆ ಕೇಳಲಿಲ್ಲ. ಅವಳು ಇನ್ನು ಬರುವವಳಲ್ಲ ಎಂಬುದು ನನ್ನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ನಾನು ಒಂದೊಂದೇ ಟಿಕಲಿಯನ್ನು ಉಗುರಿನಿಂದ ಎಬ್ಬಿಸಿದೆ. ಕಪಾಟು ಹೋದರೆ ಹೋಗಲಿ, ಇವು ಮನೆಯಲ್ಲಿರಲಿ ಎಂದು ಗೋಡೆಗೆ ಅಂಟಿಸಿದೆ. ಸುಣ್ಣದ ಗೋಡೆ. ಒಂದು ಕ್ಷಣ ನಿಂತಂತೆ ಮಾಡಿ, ಬೆನ್ನಿಗೆ ಬಿಳಿ ಪುಡಿ ಹೊತ್ತುಕೊಂಡು ಉದುರಿದವು. ಒತ್ತಿ ಹಿಡಿದೆ. ಕೈ ಬಿಟ್ಟೊಡನೆ ಉದುರಿದವು. ಕೊನೆಯದಾಗಿ ಉಳಿದಿದ್ದ ಕೆಂಪು ಟಿಕಲಿಯನ್ನು ಎಲ್ಲಿಡುವುದೆಂದು ತೋಚದೆ ನನ್ನ ಹಣೆಗೇ ಹಚ್ಚಿಕೊಂಡು, ಬಿದ್ದವುಗಳನ್ನು ಹೆಕ್ಕುತ್ತ ಕೂತೆ.

ಅಪ್ಪ ಬಂದು ಬಕೆಟ್ಟು ಇಳಿಸಿದ. ನೋಡಿದ.

"ಯಾವ ಊರ ಸೊಸಿನೋ ಮಾರಾಯಾ ನೀನು?"

ಆ ಪ್ರಶ್ನೆಗೆ ನಾನು ನಗಬೇಕಿತ್ತು. ಅಳು ಬಂತು. ಅಪ್ಪನಿಗೆ ಅಳುವವರನ್ನು ಸಮಾಧಾನ ಮಾಡುವ ವಿದ್ಯೆ ಗೊತ್ತಿರಲಿಲ್ಲ. ಗೊತ್ತಿದ್ದ ವಿದ್ಯೆ ಒಂದೇ. ಅದನ್ನೇ ಹೇಳಿದ.

"ಗ್ವಾಡಿಗೆ ನಿಲ್ಲಂಗಿಲ್ಲಪಾ ಅವು. ಬಣ್ಣಕ್ಕ ಒರಟು ಬೇಕು, ಟಿಕಲಿಗೆ ನುಣ್ಣಂದು ಬೇಕು."

ಆಮೇಲೆ ಬಾಗಿಲಿನ ಮುಂದೆ ಕೂತ. ಒಳಮೈಯ ಮೇಲೆ ಅಂಗೈ ಊರಿ, ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದ. ಗೆರೆಯ ಹೊರಗೆಲ್ಲ ಉಜ್ಜಿದ. ಒಳಗೆ ಪಾಲಿಶ್ ಪೇಪರ್ ಮುಟ್ಟಿಸಲಿಲ್ಲ. ಜೀವಮಾನದಲ್ಲಿ ಹೊಳಪೊಂದನ್ನು ಬೇಕೆಂದೇ ಬಿಟ್ಟವನಲ್ಲ ಅವನು. ಕಾರ್ಖಾನೆಯಲ್ಲಿ ಬೇರೆಯವರು ಹೀಗೆ ಬಿಟ್ಟಿದ್ದರೆ ಅವರಿಗೆ ಅವತ್ತು ಊಟ ರುಚಿಸದಂತೆ ಮಾಡುತ್ತಿದ್ದ.

"ಅಲ್ಲೆ ಹೋದಮ್ಯಾಲೆ ಆಕಿ ಎಲ್ಲಿ ಹಚ್ಚಬೇಕು?" ಎಂದ, ನನ್ನ ಕಡೆ ನೋಡದೆ. "ಹಚ್ಚು ಅವನ್ನ ವಾಪಸ್."

ಹಚ್ಚಿದೆ. ಬೆನ್ನಿಗೆ ಸುಣ್ಣ ಮೆತ್ತಿದ್ದ ಟಿಕಲಿಗಳು ಒಂದೂ ನಿಲ್ಲಲಿಲ್ಲ. ಅಪ್ಪ ಬಗ್ಗಿ ನನ್ನ ಹಣೆಯ ಮೇಲಿದ್ದದ್ದನ್ನು ಮೆಲ್ಲಗೆ ಎಬ್ಬಿಸಿ ಅಲ್ಲಿಟ್ಟು ಒತ್ತಿದ. ಅದೊಂದು ನಿಂತಿತು. ಗೆರೆಯೊಳಗಿನ ಜಾಗಕ್ಕೆ ಕಾಗದ ಮುಚ್ಚಿ, ಉಳಿದೆಡೆಯೆಲ್ಲ ಬಣ್ಣ ಹಚ್ಚಿದೆವು.

ಬಣ್ಣ ಒಣಗಿದ ಮೇಲೆ ಟೆಂಪೋ ಬಂದು ಕಪಾಟನ್ನು ಒಯ್ದಿತು. ಗೋಡೆಯ ಮೇಲೆ ಅದರ ಆಕಾರದ ಬಿಳಿ ಜಾಗ ಉಳಿಯಿತು. ನಾನು ಕೆಮ್ಮಿದರೂ ಕೋಣೆ ತಿರುಗಿ ಕೆಮ್ಮುತ್ತಿತ್ತು.

ಪಂಚಮಿಗೆ ಅಕ್ಕ ಬಂದಳು. ಮುಖ ತೊಳೆಯಲು ಹೊರಟವಳು, ಮಾತಾಡುತ್ತಲೇ ಟಿಕಲಿ ತೆಗೆದು ಕೈ ಚಾಚಿದಳು. ಅಲ್ಲಿ ಕಪಾಟಿರಲಿಲ್ಲ. ಬೆರಳ ತುದಿಯಲ್ಲಿ ಟಿಕಲಿ ಹಿಡಿದು, ಅತಿಥಿಯ ಹಾಗೆ, ಎಲ್ಲಿಡಲಿ ಎಂದು ಸುತ್ತ ನೋಡಿದಳು. ಆಗ ನಾನು ಹತ್ತಿರ ಹೋಗಿ ನಿಂತೆ. ಅವಳು ಅದನ್ನು ನನ್ನ ಹಣೆಗೆ ಒತ್ತಿದಳು.

"ಮೊದಲ ಸೋಡಾ ನೀರಿಲೆ ಒರಿಸವಾ. ಎಣ್ಣಿ ಅದ ಅಲ್ಲೆ," ಎಂದ ಅಪ್ಪ ಒಳಗಿನಿಂದ.

ಈಗ ನಿಮ್ಮ ಮನೆಯಲ್ಲಿ ನುಣ್ಣಗಿನ ಜಾಗಕ್ಕೆ ಬರವಿಲ್ಲ. ಗೋಡೆಯೊಳಗೇ ಕಪಾಟುಗಳು, ಕನ್ನಡಿಯಂಥ ಬಾಗಿಲುಗಳು, ಬಚ್ಚಲಿನ ಟೈಲುಗಳಲ್ಲೂ ಮುಖ ಕಾಣುತ್ತದೆ. ಉಜ್ಜುವ, ಬಣ್ಣ ಹಚ್ಚುವ ರಗಳೆಯೇ ಇಲ್ಲ. ನಿಮ್ಮ ಅಜ್ಜಿ ಎಲ್ಲೆಂದರಲ್ಲಿ ಟಿಕಲಿ ಅಂಟಿಸುತ್ತಾಳೆ. ಸಂಜೆಯೊಳಗೆ ನಿಮ್ಮ ಅಮ್ಮ ಒರೆಸಿ ಸ್ವಚ್ಛ ಮಾಡುತ್ತಾಳೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಮನೆ ಹೊಳೆಯಬೇಕು.

ಆದರೆ ಅಜ್ಜಿ ಮುಖ ತೊಳೆಯಲು ಹೊರಟಾಗ ನಿಮ್ಮಲ್ಲಿ ಒಬ್ಬರಾದರೂ ಹತ್ತಿರ ಹೋಗಿ ನಿಲ್ಲಿ. ಹಣೆ ಮಾತ್ರ ಒರೆಸಿಕೊಂಡು ಹೋಗಿ. ಎಣ್ಣೆಯಿದ್ದರೆ ನಿಲ್ಲುವುದಿಲ್ಲ.