ಕಮರದ ಕೆಳಗೆ ನಲವತ್ತೆರಡು ಸಸಿ

ಉಪ್ಪಲ್‌ನ ನಮ್ಮ ಓಣಿಯಲ್ಲಿ ನನ್ನಷ್ಟು ವೇಗವಾಗಿ ಎಣಿಸುವವನು ಇನ್ನೊಬ್ಬನಿರಲಿಲ್ಲ. ಒಂದನ್ನೂ ನೋಡದೆ ನಲವತ್ತೆರಡು ಸಸಿ ಎಣಿಸಿದವನು ನಾನು.

ಅಪ್ಪ ಕಾಡಿನ ಮರಗಳ ಲೆಕ್ಕ ಬರೆಯುವ ನೌಕರಿಯಲ್ಲಿದ್ದರು. ಬಿಸಿಲು ಹೀಗೇ ಏರುತ್ತಾ ಹೋದರೆ ಯಾವ ಜಾತಿಯ ಮರ ಉಳಿದೀತು, ಯಾವುದು ಅಳಿದೀತು ಎಂದು ಪಟ್ಟಿ ಮಾಡಬೇಕು. ದೊಡ್ಡ ಮರದ ಸುತ್ತ ಹಗ್ಗ ಹಾಸಿ, ಒಳಗೆ ಬದುಕಿರುವ ಸಸಿಗಳನ್ನು ಎಣಿಸುತ್ತಿದ್ದರು. ಸಸಿಯಿಲ್ಲದ ಜಾತಿ ಅಪಾಯದ ಪಟ್ಟಿಗೆ. ಅದರ ಬೀಜ ನರ್ಸರಿಗೆ.

ಒಂದು ಭಾನುವಾರ ಗುಡ್ಡದ ತುದಿಯ ಕಮರದ ಮರವನ್ನು ನನಗೆ ಒಪ್ಪಿಸಿದರು. ಬಿಸಿಲಿಗೆ ನನ್ನ ನೆರಳೂ ನನ್ನ ಕಾಲ ಕೆಳಗೆ ಬಂದು ಕೂತಿತ್ತು. ಅರ್ಧ ಗುಡ್ಡ ಹತ್ತಿ, ಬಂಡೆಯ ಮರೆಯಲ್ಲಿ ಅವ್ವನ ಚಪಾತಿಗಳನ್ನು ಮಾತ್ರ ಪ್ರಾಮಾಣಿಕವಾಗಿ ಎಣಿಸಿದೆ. ಅಪ್ಪ ಕೊಟ್ಟ ಲೆಕ್ಕದ ವಹಿಯಲ್ಲಿ ‘ನಲವತ್ತೆರಡು’ ಎಂದು ಬರೆದೆ. ಬರೀ ನಲವತ್ತೆಂದರೆ ಯಾರು ನಂಬುತ್ತಾರೆ? ಮೇಲಿನ ಆ ಎರಡರಲ್ಲೇ ನನ್ನ ಪ್ರತಿಭೆ ಇದ್ದದ್ದು.

“ನಲವತ್ತೆರಡಾ! ಕಮರ ಗೆದ್ದತಲೇ ಮಗನ! ಇನ್ನ ಇದರ ಹೆಸರ ಅಪಾಯದ ಪಟ್ಟಿಯಿಂದ ತಗೀತೀನಿ,” ಎಂದರು ಅಪ್ಪ.

ವಾರವಿಡೀ ಕಂಡವರಿಗೆಲ್ಲ ಅದನ್ನೇ ಹೇಳಿದರು. ನಾನೂ ಸುಮ್ಮನಿರಲಿಲ್ಲ. ಮಂಗಳವಾರ ಮೊಳಕಾಲಿನಷ್ಟಿದ್ದ ಸಸಿಗಳು ಗುರುವಾರಕ್ಕೆ ನನ್ನ ಸೊಂಟಕ್ಕೆ ಬಂದವು. ಆದರೆ ಮೇಜಿನ ಮೇಲಿನ ಆ ಪಟ್ಟಿ ಕಂಡಾಗಲೆಲ್ಲ ಅದರ ಮೇಲೊಂದು ಪುಸ್ತಕ ಇಟ್ಟುಬಿಡುತ್ತಿದ್ದೆ. ಸೋಮವಾರ ಅದು ಆಫೀಸಿಗೆ ಹೋದರೆ, ಕಮರದ ಬೀಜವನ್ನು ಮುಂದೆ ಯಾರೂ ಆರಿಸುವುದಿಲ್ಲ.

ಮರು ಭಾನುವಾರ ಅಪ್ಪ, “ನಡಿ, ನಾನೂ ಕಣ್ತುಂಬ ನೋಡ್ತೀನಿ,” ಎಂದರು. ಬಸ್ಸಿನಲ್ಲೇ ನನ್ನ ಸಸಿಗಳನ್ನು ಕೊಲ್ಲತೊಡಗಿದೆ.

“ಅಪ್ಪಾ, ಆಡು ಮೇಯ್ದಿರಬೇಕ್ರಿ.”

“ಬೇರು ಇರ್ತಾವಲ್ಲೋ.”

“ಬೆಂಕಿ ಬಿದ್ದಿರಬೇಕ್ರಿ.”

“ಬೂದಿ ಇರ್ತೈತಲ್ಲ.”

“ಕಳ್ಳರು...”

“ಸಸಿ ಕದಿಯೋ ಕಳ್ಳರಾ?” ಬಸ್ಸೆಲ್ಲ ನಮ್ಮತ್ತ ತಿರುಗಿತು.

ಮರದ ಕೆಳಗೆ ತರಗೆಲೆ, ಕಲ್ಲು, ಒಣ ಕಾಯಿ. ಅಪ್ಪ ಮೊಳಕಾಲೂರಿ ಎಲೆ ಸರಿಸುತ್ತಾ ಹೋದರು. ಬೆವರು ತೊಟ್ಟಿಕ್ಕುತ್ತಿತ್ತು. “ತಡಿ, ಇಲ್ಲೇ ಎಲ್ಲೋ ಇರ್ತಾವ. ನೀ ನೋಡೀಯಲ್ಲ,” ಎಂದರು.

ಎಲೆ ಸರಿಸುತ್ತಿದ್ದ ಅವರ ಕೈ ಹಿಡಿದೆ. “ಅಪ್ಪಾ, ನಾ ಇಲ್ಲಿತನಕ ಬಂದೇ ಇಲ್ರಿ.”

ಅವರು ಹೊಡೆಯಲಿಲ್ಲ. ಕೂತಲ್ಲಿಂದಲೇ ವಹಿಯನ್ನು ನನ್ನತ್ತ ನೂಕಿದರು. “ಗೀಟು ಹೊಡಿ. ಇದ್ದದ್ದ ಬರಿ.”

ಸೊನ್ನೆ ಬರೆದೆ. ಅಷ್ಟು ಸಣ್ಣ ಅಂಕಿಗೆ ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು.

ಅಪ್ಪ ಬುತ್ತಿಯ ಚೀಲ ಬರಿದು ಮಾಡಿ ಅದರ ಬಾಯಿ ಅಗಲಿಸಿದರು. “ನರ್ಸರಿಗೆ ಒಣ ಕಾಯಿ ಆರಸು. ಎಣಿಸಿ ಹಾಕು.”

ನಲವತ್ತೆರಡಕ್ಕೆ ನಿಲ್ಲಿಸಿ ಕೈ ಒರೆಸಿಕೊಂಡೆ. ಅಪ್ಪ ಚೀಲದ ಬಾಯಿಯನ್ನು ಇನ್ನೂ ಅಗಲಿಸಿ ಹಿಡಿದೇ ಇದ್ದರು.