ಸ್ಕಿಲ್ ಎಂಬ ಪದಕ್ಕೆ ಕಿವಿಯಕ್ಕ ಹೇಳಿದ ಅರ್ಥ

ಪಿಂಗಾಣಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ ಅದು. ಒಲೆಯಿಂದ ಬಂದ ಬಟ್ಟಲನ್ನು ಎಡಗೈಯ ಮೂರು ಬೆರಳಲ್ಲಿ ಬೋರಲಾಗಿ ಹಿಡಿದು, ಬಲಗೈಯ ಚೋಟುದ್ದದ ಕಡ್ಡಿಯಿಂದ ಒಂದೇ ಒಂದು ಸಲ ತಟ್ಟುತ್ತಿದ್ದಳು. ಟಣ್ ಎಂದರೆ ಗಟ್ಟಿ ಮಾಲು. ಟಕ್ ಎಂದರೆ ಒಳಗೆ ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಬಿರುಕು, ಒಡೆಯುವ ಬುಟ್ಟಿಗೆ. ಇವೆರಡರ ನಡುವೆ ನೆಗಡಿ ಬಂದವರ ದನಿಯಂಥದ್ದು ಇನ್ನೊಂದಿದೆ. ಅದು ಸರಿಯಾಗಿ ಬೇಯದ್ದು, ಇನ್ನೊಮ್ಮೆ ಒಲೆಗೆ. ಇಪ್ಪತ್ತಾರು ವರ್ಷ ಒಂದೇ ಮೇಜು, ಒಂದೇ ಸ್ಟೂಲು. ಅವಳ ಜೊತೆ ಇನ್ನೂ ಎಂಟು ಹೆಂಗಸರು, ಎಂಟೂ ಜನಕ್ಕೆ ಅವಳೇ ಗುರು.

ಇಂಥವಳ ಕೈಗೆ ಹೊಸದಾಗಿ ಬಂದ ಆಫೀಸರ್ ಒಂದು ಸೋಮವಾರ ಹೊಸ ಕಾರ್ಡು ಕೊಟ್ಟ. ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪದ. ಅವಳಿಗೆ ಓದಲು ಬಾರದು, ಗುಮಾಸ್ತ ಓದಿ ಹೇಳಿದ: "ಅನ್‌ಸ್ಕಿಲ್ಡ್. ಅಂದ್ರೆ ಕಸುಬು ಗೊತ್ತಿಲ್ಲದೋರು ಅಂತ. ಒಂಬತ್ತು ಜನರದ್ದೂ ಅದೇ. ಇನ್ಮೇಲೆ ಎಲ್ಲಿಗೆ ಕಳಿಸಿದ್ರೂ ಹೋಗ್ಬೇಕು. ಮುಂದಿನ ವಾರದಿಂದ ನಿಮಗೆ ಮಣ್ಣು ಹೊರೋ ಕೆಲಸ. ಇಲ್ಲಿ ಸೈನ್ ಮಾಡಿ."

"ಮತ್ತೆ ನನ್ನ ಮೇಜು?"

"ಅಲ್ಲಿಗೆ ಯಾರನ್ನಾದ್ರೂ ಕೂರಿಸ್ತಾರಂತೆ. ತಟ್ಟೋದೇನು ಮಹಾ ಅಂದ್ರು ಸಾಹೇಬ್ರು."

ತಟ್ಟೋದೇನು ಮಹಾ! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ಕಿವಿಯಕ್ಕ ಸಹಿ ಹಾಕಲಿಲ್ಲ. ಕಾರ್ಡನ್ನು ಊಟದ ಡಬ್ಬಿಯ ಮೇಲಿಟ್ಟುಕೊಂಡು ಮನೆಗೆ ಬಂದಳು.

ಮನೆಯಲ್ಲಿ ಸೊಸೆ ಇದ್ದಳು, ಸ್ಕೂಲ್ ಟೀಚರು. ಅತ್ತೆ ಸೊಸೆಯರದ್ದು ಎಣ್ಣೆ ಸೀಗೇಕಾಯಿ ಸಂಬಂಧ. ಲೋಟ ಎಲ್ಲಿಡಬೇಕು ಎಂಬುದಕ್ಕೂ ಇಬ್ಬರಿಗೂ ಒಂದು ಗಂಟೆಯ ಜಗಳ ಬೇಕು. ಆದರೆ ಅವತ್ತು ಅತ್ತೆಯ ಮುಖ ನೋಡಿ ಸೊಸೆ ವಾದಕ್ಕಿಳಿಯದೆ ಕಾರ್ಡು ತೆಗೆದುಕೊಂಡು ಓದಿದಳು. ಓದಿದ್ದೇ ತಡ, ಅತ್ತೆಗಿಂತ ಅವಳಿಗೇ ಹೆಚ್ಚು ಸಿಟ್ಟು ಬಂತು.

"ಅತ್ತೆ, ಇವರಿಗೆ ಈ ಪದದ ಗಂಧಗಾಳಿಯೂ ಇಲ್ಲ. ಇರಿ, ತೋರಿಸ್ತೀನಿ," ಎನ್ನುತ್ತ ಸ್ಕೂಲಿನಿಂದ ತಂದಿದ್ದ ದಿಂಬಿನಷ್ಟು ದಪ್ಪದ ಡಿಕ್ಷನರಿಯನ್ನು ಊಟದ ಮೇಜಿನ ಮೇಲೆ ಬಿಚ್ಚಿದಳು. "ಈ ಸ್ಕಿಲ್ ಅನ್ನೋದು ಇಂಗ್ಲಿಷಿನವರದ್ದೇ ಅಲ್ಲ. ಸಾವಿರ ವರ್ಷದ ಹಿಂದೆ ಉತ್ತರದ ಕಡೆಯಿಂದ ಹಡಗಲ್ಲಿ ಬಂದು ಅವರ ನಾಡಲ್ಲಿ ನೆಲೆ ನಿಂತೋರು ತಂದ ಮಾತು."

"ಬಂದೋರು ತಂದ್ರು ಅಂತಿಟ್ಕೋ. ಅರ್ಥ ಹೇಳು."

"ಅದನ್ನೇ ಹೇಳ್ತಿದ್ದೀನಿ. ಅವರ ಭಾಷೇಲಿ ಬೇರೆ ಮಾಡೋದಕ್ಕೆ ಸ್ಕಿಲ್ಯ ಅಂತಿದ್ರು. ಇದು ಬೇರೆ, ಅದು ಬೇರೆ ಅಂತ ಗುರುತಿಸೋ ಶಕ್ತಿಗೆ ಸ್ಕಿಲ್. ಆಮೇಲೆ ಅರ್ಥ ಹಿಗ್ಗಿ ಹಿಗ್ಗಿ, ಯಾವ ಕೆಲಸದಲ್ಲಿ ಕೈ ಪಳಗಿದ್ರೂ ಅದೇ ಪದ ಆಯ್ತು. ಈಗಂತೂ ಕೇಳ್ಲೇಬೇಡಿ. ನಮ್ಮ ಸ್ಕೂಲಲ್ಲಿ ಮಾತಾಡೋದು ಒಂದು ಸ್ಕಿಲ್, ಕೇಳಿಸ್ಕೊಳ್ಳೋದು ಒಂದು ಸ್ಕಿಲ್. ನಗೋದಕ್ಕೂ ತರಬೇತಿ ಕೊಡ್ತಾರೆ! ಮುಂದೆ 'ಅನ್' ಸೇರಿದ್ರೆ ಅದು ಇಲ್ಲ ಅಂತ."

ಕಿವಿಯಕ್ಕ ಕಾರ್ಡನ್ನು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಬೇರೆ ಮಾಡೋಕೆ ಬರದೋಳು ಅಂತ ಬರೆದಿದ್ದಾನೆ. ನನ್ನನ್ನ."

"ಹೂಂ ಅತ್ತೆ."

"ಸರಿ. ಸಾಹೇಬ್ರ ಮಾತು ಯಾಕೆ ಸುಳ್ಳು ಮಾಡೋದು?"

ಮರುದಿನ ಕಡ್ಡಿ ಮುಟ್ಟಲಿಲ್ಲ ಅವಳು. ಒಲೆಯಿಂದ ಬಂದ ಬಟ್ಟಲುಗಳನ್ನೆಲ್ಲ ಗಟ್ಟಿ, ಬಿರುಕು, ಹಸಿ ಎನ್ನದೆ ಒಂದೇ ರಾಶಿಗೆ ಹಾಕಿದಳು. ಉಳಿದ ಎಂಟು ಜನಕ್ಕೂ ಊಟದ ಹೊತ್ತಿಗೆ ವಿಷಯ ತಿಳಿಯಿತು. ಅವರೂ ಕಡ್ಡಿ ಕೆಳಗಿಟ್ಟರು. ಆಫೀಸರ್ ಓಡಿಬಂದ.

"ಏನಮ್ಮಾ ಇದು? ತಮಾಷೆನಾ?"

"ಅಯ್ಯೋ, ಇಲ್ಲ ಸಾರ್. ನಮಗೆ ಬೇರೆ ಮಾಡೋಕೆ ಬರಲ್ಲ ಅಂತ ಕಾರ್ಡಲ್ಲಿ ನೀವೇ ಬರೆಸಿದ್ದೀರಿ. ದೊಡ್ಡೋರ ಮಾತು ಮೀರೋದುಂಟಾ?"

"ನಿಮಗಿರೋದು ಇನ್ನು ಹನ್ನೊಂದು ತಿಂಗಳ ಸರ್ವೀಸು. ಕಾರ್ಡಲ್ಲಿ ಏನಿದ್ರೆ ನಿಮಗೇನು?"

"ಹನ್ನೊಂದು ದಿನ ಇದ್ರೂ ಆ ಪದ ನನ್ನ ಹೆಸರಿನ ಕೆಳಗೆ ಕೂರಬಾರದು."

ಅವನು ಹಟಕ್ಕೆ ಬಿದ್ದ. ಆಫೀಸಿನಿಂದ ಇಬ್ಬರು ಗುಮಾಸ್ತರನ್ನು ಕರೆಸಿ ಕೂರಿಸಿದ. ಅವರು ತಟ್ಟಿದರು. ಎಲ್ಲ ಬಟ್ಟಲಿಗೂ ಒಂದೇ ದನಿ! ಒಬ್ಬ ಕಿವಿಗೆ ಹಿಡಿದು ತಟ್ಟಿದ, ಇನ್ನೊಬ್ಬ ಕಣ್ಣು ಮುಚ್ಚಿ ತಟ್ಟಿದ, ಕೊನೆಗೆ ಜೋರಾಗಿ ತಟ್ಟಿ ಗಟ್ಟಿ ಮಾಲನ್ನೇ ಹನ್ನೆರಡು ಚೂರು ಮಾಡಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂಬತ್ತು ಹೆಂಗಸರೂ ಕೈಕಟ್ಟಿ ಕೂತು ನೋಡಿದರು. ಹಾಗೆಂದು ಕಿವಿಯಕ್ಕನಿಗೆ ಖುಷಿಯಾಯಿತು ಎಂದುಕೊಳ್ಳಬೇಡಿ. ಒಡೆದದ್ದು ತನ್ನ ಮನೆಯ ಬಟ್ಟಲೇ ಎಂಬಂತೆ ಅವಳಿಗೆ ಸಂಕಟವಾಯಿತು. ಕೆಲಸ ಹೋದರೆ ಎಂಬ ಭಯವೂ ಇತ್ತು. ಆದರೂ ಕಟ್ಟಿದ ಕೈ ಬಿಚ್ಚಲಿಲ್ಲ.

ನಾಲ್ಕನೆಯ ದಿನ ರಾಶಿ ಕಿಟಕಿ ಮುಟ್ಟಿತು. ಹೊರಗೆ ಮಾಲು ಒಯ್ಯಲು ಬಂದ ಲಾರಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಆಫೀಸರ್ ಕೈಯಲ್ಲಿ ಒಂದು ಹೊಸ ಕಾರ್ಡು ಹಿಡಿದು ಬಂದ. ನಗಲು ಪ್ರಯತ್ನಪಟ್ಟ.

"ನೋಡಿಯಮ್ಮಾ, ನಿಮ್ಮದು ಸರಿ ಮಾಡಿಸಿದ್ದೀನಿ. ಸ್ಕಿಲ್ಡ್. ಮೇಜೂ ನಿಮ್ಮದೇ. ಸಂತೋಷನಾ?"

"ಉಳಿದೋರದ್ದು?"

"ಅವರನ್ನ ಬಿಡಿ. ನಿಮ್ಮ ಕಿವಿ ಅವರಿಗೆಲ್ಲಿದೆ?"

ಎಂಟು ಜನರೂ ನೆಲ ನೋಡಿದರು. ಕಿವಿಯಕ್ಕ ಕಾರ್ಡನ್ನು ಮುಟ್ಟದೆ, ಎಲ್ಲರಿಗಿಂತ ಹೊಸಬಳಾದ, ಎರಡು ವರ್ಷದ ಹಿಂದೆ ಸೇರಿದ ತೆಳ್ಳನೆಯ ಹುಡುಗಿಯನ್ನು ಕರೆದಳು.

"ಬಾರೇ ಇಲ್ಲಿ. ಸಾರ್, ರಾಶಿಯಿಂದ ನಿಮಗಿಷ್ಟ ಬಂದ ಐದು ಬಟ್ಟಲು ತೆಗೀರಿ."

ಅವನು ತೆಗೆದ. ಹುಡುಗಿ ಬೆವರುತ್ತಲೇ ಐದನ್ನೂ ತಟ್ಟಿ, ಮೂರನೆಯದನ್ನು ಪಕ್ಕಕ್ಕೆ ಸರಿಸಿದಳು. ನೋಡಲು ಐದರಲ್ಲೂ ಚಂದದ್ದು ಅದೇ. ಕಿವಿಯಕ್ಕ ಫ್ಲಾಸ್ಕಿನ ಬಿಸಿನೀರನ್ನು ಐದಕ್ಕೂ ಸುರಿದಳು. ಮೂರನೆಯದರ ತಳದಿಂದ ನೀರು ಜಿನುಗಿ ಮೇಜಿನ ಮೇಲೆ ಹರಿಯಿತು, ಅಲ್ಲಿಂದ ಸಾಹೇಬನ ಬೂಟಿಗೆ ತೊಟ್ಟಿಕ್ಕಿತು.

"ಒಂಬತ್ತು ಕಾರ್ಡು ಸಾರ್," ಎಂದಳು ಕಿವಿಯಕ್ಕ. "ಇಲ್ಲಾಂದ್ರೆ ನನ್ನದೂ ಬೇಡ. ಮಣ್ಣು ಹೊರೋಕೆ ನನಗೆ ನಾಚಿಕೆಯಿಲ್ಲ. ಒಂಬತ್ತು ಜನರೂ ಹೋಗ್ತೀವಿ."

ಲಾರಿಯವನು ಮತ್ತೆ ಹಾರ್ನ್ ಹೊಡೆದ. ಆಫೀಸರ್ ಮೇಲಿನವರಿಗೆ ಫೋನ್ ಮಾಡಿದ, ಬೈಸಿಕೊಂಡ, ಮತ್ತೆ ಮಾಡಿದ. ಕೊನೆಗೆ ಅಲ್ಲೇ ಮೇಜಿನ ಮೂಲೆಯಲ್ಲಿ ಕೂತು ಎಂಟು ಕಾರ್ಡು ಕೈಯಾರೆ ಬರೆದು, ಮೊಹರು ಒತ್ತಿ, ಒಬ್ಬೊಬ್ಬರಿಗೂ ಕೊಟ್ಟ. ಒಂಬತ್ತನೆಯದನ್ನು ಕಿವಿಯಕ್ಕ ಎಲ್ಲರಿಗಿಂತ ಕೊನೆಗೆ ತೆಗೆದುಕೊಂಡಳು.

"ಆಯ್ತಲ್ಲ? ಈಗಲಾದ್ರೂ ಕೆಲಸ ಶುರು ಮಾಡ್ತೀರಾ?"

"ಮಾಡದೆ ಏನು! ಆದ್ರೆ ನಾಲ್ಕು ದಿನದ ರಾಶಿ ಇದೆ, ಒಂಬತ್ತು ಜನ ಸಾಲಲ್ಲ," ಎನ್ನುತ್ತ ಕಿವಿಯಕ್ಕ ಕಾಲಿನಿಂದ ಒಂದು ಖಾಲಿ ಸ್ಟೂಲನ್ನು ಅವನ ಕಡೆ ತಳ್ಳಿದಳು. "ಕೂತ್ಕೊಳ್ಳಿ ಸಾರ್, ಹೇಳಿಕೊಡ್ತೀನಿ. ನಿಮ್ಮ ಕಾರ್ಡಲ್ಲಿ ಏನು ಬರೀಬೇಕು ಅಂತ ಸಂಜೆ ಹೇಳ್ತೀನಿ."